ಪಾಕೆಟ್ ಸಿನೆಮಾ 4ಕೆ: ರೀಲಿನ ಮೋಷನ್ ಬ್ಲರ್ ಇದರಲ್ಲಿ ಎಷ್ಟು ಸಿಗುತ್ತದೆ?

ಮದುವೆ ವಿಡಿಯೊ ಕೈಗೆ ಕೊಟ್ಟಾಗ ಮನೆಯವರು ಹೇಳುವ ಮಾತೊಂದಿದೆ: "ಎಲ್ಲಾ ಚೊಲೊ ಬಂದೈತ್ರಿ, ಆದ್ರ ಸಿನೆಮಾ ಇದ್ದಂಗ ಇಲ್ಲ, ಸೀರಿಯಲ್ ಇದ್ದಂಗ ಕಾಣ್ತೈತಿ." ಕೇಳಿದ ಕೂಡಲೇ ಹುಬ್ಬಳ್ಳಿ-ಧಾರವಾಡದ ವಿಡಿಯೊದವರ ಸಿಟ್ಟು ಲೆನ್ಸಿನ ಮೇಲೆ ಹೋಗುತ್ತದೆ, ಆಮೇಲೆ ಕಲರ್ ಗ್ರೇಡಿಂಗ್ ಮೇಲೆ. ಶಟರ್, ಅಂದರೆ ಒಂದೊಂದು ಫ್ರೇಮಿಗೆ (ಚಿತ್ರಕ್ಕೆ) ಬೆಳಕು ಬೀಳುವ ಹೊತ್ತು, ಎಷ್ಟಿತ್ತು ಅಂತ ಕೇಳುವವರು ಕಡಿಮೆ. ಮೊದಲು ಕೇಳಬೇಕಾದದ್ದು ಅದನ್ನೇ.

ಬ್ಲ್ಯಾಕ್‌ಮ್ಯಾಜಿಕ್ ಪಾಕೆಟ್ ಸಿನೆಮಾ ಕ್ಯಾಮೆರಾ 4ಕೆ 2018ರಲ್ಲಿ ಬಂದದ್ದು. ಹೆಸರು ಪಾಕೆಟ್, ಯಾವ ಜೇಬಿನಲ್ಲೂ ಹಿಡಿಸುವುದಿಲ್ಲ. ಹೊಸ ಮಾಡೆಲ್‌ಗಳ ಮಧ್ಯೆ ಇದೀಗ ಸೆಕೆಂಡ್ ಹ್ಯಾಂಡ್ ಮಾಲು, ಬಾಡಿಗೆ ಮಾಲು. ಕಿರುಚಿತ್ರ ಮಾಡಲು ಹೊರಟ ಹುಡುಗರ ಕೈಗೆ ಬರುವುದು ಇಂಥದ್ದೇ. ಇದರ ಬಣ್ಣ, ಡೈನಾಮಿಕ್ ರೇಂಜ್ ಬಗ್ಗೆ ಈಗಾಗಲೇ ಬೇಕಾದಷ್ಟು ಬರಹ ಇವೆ. ಈ ವಿಮರ್ಶೆ ನೋಡುವುದು ಒಂದೇ ಸಂಗತಿ: ಓಡುವ ವಸ್ತು ಚಿತ್ರದಲ್ಲಿ ಎಳೆಯುವ ಮಸುಕನ್ನು, ಅಂದರೆ ಮೋಷನ್ ಬ್ಲರನ್ನು, ಇದು ರೀಲ್ ಕ್ಯಾಮೆರಾದ ಹಾಗೆ ಹಿಡಿಯುತ್ತದೋ, ವಿಡಿಯೊ ಕ್ಯಾಮೆರಾದ ಹಾಗೋ.

ಅದಕ್ಕೂ ಮೊದಲು ಎರಡರ ಅಂತರ ಎಲ್ಲಿದೆ ಅನ್ನುವುದು ಗೊತ್ತಿರಬೇಕು. ರೀಲ್ ಕ್ಯಾಮೆರಾದೊಳಗೆ ಫಿಲ್ಮ್ ಒಂದೇ ಸಮ ಹರಿಯುವುದಿಲ್ಲ. ಬೆಳಕು ಒಳಬರುವ ಕಿಂಡಿಯ, ಅಂದರೆ ಗೇಟಿನ, ಹಿಂದೆ ನಿಂತು ಬೆಳಕು ತಗೊಂಡು ಮುಂದಿನ ಫ್ರೇಮಿಗೆ ಜಿಗಿಯುತ್ತದೆ, ಸೆಕೆಂಡಿಗೆ 24 ಸಲ. ಜಿಗಿಯುವಾಗ ಬೆಳಕು ಬಿದ್ದರೆ ಚಿತ್ರ ಮೇಲಿಂದ ಕೆಳಗೆ ಉದ್ದಕ್ಕೆ ಎಳೆದು ಹೋಗುತ್ತದೆ. ಹಾಗಾಗಬಾರದೆಂದು ಗೇಟಿನ ಮುಂದೆ ಅರ್ಧ ಕತ್ತರಿಸಿದ ತಟ್ಟೆಯೊಂದು ಗಿರಗಿರ ತಿರುಗುತ್ತಿರುತ್ತದೆ. 360 ಡಿಗ್ರಿಯಲ್ಲಿ 180 ತೆರೆದಿದ್ದರೆ ಒಂದೊಂದು ಫ್ರೇಮಿಗೆ ಬೆಳಕು ಬೀಳುವುದು 1/48 ಸೆಕೆಂಡ್, ಉಳಿದ 1/48 ಸೆಕೆಂಡ್ ಕತ್ತಲೆ. 'ಶಟರ್ ಆ್ಯಂಗಲ್' ಅನ್ನುವ ಮಾತು ಹುಟ್ಟಿದ್ದು ಈ ತಟ್ಟೆಯಿಂದ. 1937ರ ಆರಿಫ್ಲೆಕ್ಸ್‌ನಲ್ಲಿ ತಟ್ಟೆಗೇ ಕನ್ನಡಿ ಹಚ್ಚಿ, ಮುಚ್ಚಿದ ಹೊತ್ತಿನ ಬೆಳಕನ್ನು ವ್ಯೂಫೈಂಡರಿಗೆ ತಿರುಗಿಸಿದರು. ಅಂದರೆ ಕ್ಯಾಮೆರಾಮನ್ ಕಣ್ಣಿಗೆ ಕಂಡದ್ದು ಫಿಲ್ಮಿಗೆ ಕಂಡಿಲ್ಲ, ಫಿಲ್ಮಿಗೆ ಕಂಡದ್ದು ಅವನಿಗೆ ಕಂಡಿಲ್ಲ!

ವಿಡಿಯೊ ಕ್ಯಾಮೆರಾದಲ್ಲಿ ಎಳೆಯಲು ಫಿಲ್ಮೇ ಇಲ್ಲ, ಮುಚ್ಚುವ ಹಂಗೂ ಇಲ್ಲ. ನಮ್ಮ ಟಿವಿಯ ಹಳೆಯ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಫ್ರೇಮ್, ಪ್ರತಿ ಫ್ರೇಮಿಗೆ ಎರಡು ಫೀಲ್ಡ್ (ಸಾಲು ಬಿಟ್ಟು ಸಾಲು ಹಿಡಿದ ಅರ್ಧ ಚಿತ್ರ), ಒಟ್ಟು 50 ಫೀಲ್ಡ್. ಭುಜದ ಮೇಲೆ ಹೊತ್ತು ಮದುವೆ ತೆಗೆಯುತ್ತಿದ್ದ ವಿಎಚ್ಎಸ್ ಕ್ಯಾಮೆರಾ ಸಾಮಾನ್ಯವಾಗಿ ಒಂದೊಂದು ಫೀಲ್ಡಿಗೆ 1/50 ಸೆಕೆಂಡ್ ಬೆಳಕು ಕೊಡುತ್ತಿತ್ತು. ಇಲ್ಲಿ ಸ್ವಲ್ಪ ನಿಲ್ಲಿ: ರೀಲಿಗೆ 1/48, ವಿಡಿಯೊಗೆ 1/50. ಒಂದೊಂದೇ ಚಿತ್ರ ತೆಗೆದಿಟ್ಟು ನೋಡಿದರೆ ಎರಡರಲ್ಲೂ ಬ್ಲರ್ ಹೆಚ್ಚುಕಡಿಮೆ ಅಷ್ಟೇ ಉದ್ದ. ಬೇರೆಯಾಗಿರುವುದು ಎರಡು ಬ್ಲರ್‌ಗಳ ನಡುವಿನ ಖಾಲಿ ಜಾಗ. ರೀಲಿನಲ್ಲಿ ಒಂದು ಗೆರೆ, ಅಷ್ಟೇ ಉದ್ದದ ಬಿಡುವು, ಮತ್ತೊಂದು ಗೆರೆ. ವಿಡಿಯೊದಲ್ಲಿ ಒಂದು ಗೆರೆ ಮುಗಿದಲ್ಲೇ ಇನ್ನೊಂದು ಶುರು. ಸೀರಿಯಲ್ಲಿನ ಆ ನುಣುಪು ಬರುವುದು ಈ ಬಿಡುವಿಲ್ಲದ ಹರಿವಿನಿಂದ. 'ರೀಲಿನಲ್ಲಿ ಬ್ಲರ್ ಹೆಚ್ಚು' ಎಂದು ತಿಳಿದು ಎಡಿಟಿಂಗ್‌ನಲ್ಲಿ ಮಸುಕು ಬಳಿಯುವವರು ಇದನ್ನು ಒಮ್ಮೆ ಕಾಗದದ ಮೇಲೆ ಗೆರೆ ಹಾಕಿ ನೋಡಬೇಕು.

ಹಾವೇರಿ ಕಡೆಯ ಹೋರಿ ಹಬ್ಬವನ್ನೇ ಲೆಕ್ಕಕ್ಕೆ ತಗೊಳ್ಳಿ. ಕೊಬ್ಬರಿ ಹಾರ, ಬಲೂನು ಕಟ್ಟಿಸಿಕೊಂಡ ಹೋರಿ ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಫ್ರೇಮಿಗೆ ಅಡ್ಡ ಓಡಿತು ಅನ್ನಿ. ಫ್ರೇಮಿನ ಅಗಲಕ್ಕೆ 6 ಮೀಟರ್ ಬೀದಿ ಹಿಡಿದಿದೆ, ಚಿತ್ರದ ಅಗಲ 3840 ಪಿಕ್ಸೆಲ್. 1/50 ಸೆಕೆಂಡಿನಲ್ಲಿ ಹೋರಿ 16 ಸೆಂಟಿಮೀಟರ್ ಸರಿಯುತ್ತದೆ, ಅಂದರೆ ಸುಮಾರು 102 ಪಿಕ್ಸೆಲ್ ಉದ್ದದ ಬ್ಲರ್. 25 ಫ್ರೇಮಿನಲ್ಲಿ ಮುಂದಿನ ಫ್ರೇಮಿಗೆ ಅದು 205 ಪಿಕ್ಸೆಲ್ ದೂರದಲ್ಲಿರುತ್ತದೆ. ಅರ್ಧ ಗೆರೆ, ಅರ್ಧ ಬಿಡುವು, ಕಣ್ಣು ಸುಲಭವಾಗಿ ಜೋಡಿಸಿಕೊಳ್ಳುತ್ತದೆ. ಅದೇ ಕ್ಯಾಮೆರಾವನ್ನು ಆಟೊ ಶಟರಿಗೆ ಬಿಟ್ಟು, ಬಿಸಿಲಿಗೆ ಅದು 1/500ಕ್ಕೆ ಏರಿತು ಅನ್ನಿ. ಬ್ಲರ್ 10 ಪಿಕ್ಸೆಲ್‌ಗೆ ಇಳಿಯುತ್ತದೆ, ಜಿಗಿತ ಮಾತ್ರ ಅದೇ 205. ಹೋರಿ ಓಡುವುದಿಲ್ಲ, ಫೋಟೊ ಆಲ್ಬಮ್ ಪಟಪಟ ತಿರುವಿದ ಹಾಗೆ ಕುಪ್ಪಳಿಸುತ್ತದೆ.

ಈ ವಿಷಯದಲ್ಲಿ ಪಾಕೆಟ್ 4ಕೆ ಮೊದಲ ಅಂಕ ಗಳಿಸುವುದು ಮೆನುವಿನಲ್ಲಿ. ಶಟರನ್ನು ಇದು ಮೊದಲಿನಿಂದಲೇ ಡಿಗ್ರಿಯಲ್ಲಿ ತೋರಿಸುತ್ತದೆ. ಬೇಕಾದವರು ಸೆಟಪ್‌ನಲ್ಲಿ ಸೆಕೆಂಡಿಗೆ ಬದಲಾಯಿಸಿಕೊಳ್ಳಬಹುದು. ಡಿಗ್ರಿಯಲ್ಲೇ ಬಿಡುವುದು ಒಳ್ಳೆಯದು. ಫ್ರೇಮ್ ರೇಟ್ ಬದಲಿಸಿದರೂ ಗೆರೆ ಮತ್ತು ಬಿಡುವಿನ ಪ್ರಮಾಣ ತಾನಾಗಿ ಕಾಯ್ದುಕೊಂಡಿರುತ್ತದೆ. ಅದೇ ಸೆಟಪ್‌ನಲ್ಲಿ ಫ್ಲಿಕರ್ (ದೀಪದ ಮಿಣುಕು) ಇಲ್ಲದ ಶಟರಿಗೆ 50 ಹರ್ಟ್ಸ್ ಅಥವಾ 60 ಹರ್ಟ್ಸ್ ಆರಿಸುವ ಸಾಲು ಇದೆ. ನಮ್ಮ ಲೈನ್ ಕರೆಂಟು 50 ಹರ್ಟ್ಸ್. ಬಾಡಿಗೆಗೆ ತಂದ ಕ್ಯಾಮೆರಾದಲ್ಲಿ ಇದು 60ಕ್ಕೆ ಇರಬಹುದು, ಮೊದಲು ನೋಡಿಕೊಳ್ಳಿ. ಸರಿ ಇಟ್ಟ ಮೇಲೆ ಶಟರ್ ಅಂಕಿ ಮುಟ್ಟಿದರೆ ಫ್ಲಿಕರ್ ಬಾರದ ಕೋನಗಳನ್ನು ಅದೇ ಸೂಚಿಸುತ್ತದೆ.

25 ಫ್ರೇಮಿಗೆ 180 ಡಿಗ್ರಿ ಅಂದರೆ ಬರೋಬ್ಬರಿ 1/50, ಟ್ಯೂಬ್‌ಲೈಟಿನ ಕೆಳಗೂ ಚಿತ್ರ ಮಿಣುಕುವುದಿಲ್ಲ. 24 ಫ್ರೇಮಿನಲ್ಲೇ ತೆಗೆಯುತ್ತೇವೆ ಅನ್ನುವವರಿಗೆ 180 ಡಿಗ್ರಿ 1/48 ಆಗುತ್ತದೆ. ಹಳೆಯ ಚೋಕಿನ ಟ್ಯೂಬು, ಅಗ್ಗದ ಎಲ್ಇಡಿ ಪಟ್ಟಿಗಳ ಕೆಳಗೆ ನಿಧಾನವಾಗಿ ತೇಲುವ ಪಟ್ಟೆ ಕಾಣಬಹುದು. ಅಲ್ಲಿ ಕೀಪ್ಯಾಡ್ ತೆರೆದು 172.8 ಅಂತ ಒತ್ತಿ, ಅದು 1/50 ಆಗುತ್ತದೆ. 30 ಫ್ರೇಮಿಗೆ 216 ಡಿಗ್ರಿ, ಅಂದರೆ 1/50; 60 ಫ್ರೇಮಿಗೂ 216 ಡಿಗ್ರಿ, ಅಂದರೆ 1/100. ಪೂರ್ತಿ ಕೆಲಸ ಈ ಕಡೆಯದ್ದೇ ಆಗಿದ್ದರೆ 24ರ ಗೀಳು ಬಿಟ್ಟು 25ರಲ್ಲಿ ಇರುವುದು ಕ್ಷೇಮ. 24ಕ್ಕೂ 25ಕ್ಕೂ ಇರುವ ಬ್ಲರ್ ವ್ಯತ್ಯಾಸ ಯಾವ ಕಣ್ಣಿಗೂ ಕಾಣುವಂಥದ್ದಲ್ಲ.

ಬ್ಲರ್ ಹತ್ತಿರದಿಂದ ನೋಡಬೇಕಾದರೆ ಅಕ್ಕಿಕಾಳು ಬೀಳುವ ಗಳಿಗೆಯೇ ಸರಿ. ಕೈಬಿಟ್ಟ ಕಾಳು ಅರ್ಧ ಮೀಟರ್ ಬೀಳುವಷ್ಟರಲ್ಲಿ ಸೆಕೆಂಡಿಗೆ 3 ಮೀಟರ್ ವೇಗ ಹಿಡಿದಿರುತ್ತದೆ. 1/50ರಲ್ಲಿ ಒಂದೊಂದು ಕಾಳೂ 6 ಸೆಂಟಿಮೀಟರಿನ ಹಳದಿ ಗೆರೆ. ವಧೂವರರ ಮೇಲೆ ಸಣ್ಣ ಮಳೆ ಹಿಡಿದಂತಿರುತ್ತದೆ. 1/500ರಲ್ಲಿ ಗೆರೆ 6 ಮಿಲಿಮೀಟರ್, ಹೆಚ್ಚುಕಡಿಮೆ ಕಾಳಿನಷ್ಟೇ ಉದ್ದ. ಆಲಿಕಲ್ಲು ಹೊಡೆದಂತೆ ಕಾಣುತ್ತದೆ. ಫ್ರೇಮನ್ನು ದೊಡ್ಡದು ಮಾಡಿ ನೋಡಿದರೆ ರೀಲಿಗೂ ಇದಕ್ಕೂ ಇರುವ ಸೂಕ್ಷ್ಮ ಅಂತರವೊಂದು ಗೆರೆಯ ತುದಿಯಲ್ಲಿ ಸಿಗುತ್ತದೆ. ರೀಲ್ ಕ್ಯಾಮೆರಾದ ತಟ್ಟೆ ಫಿಲ್ಮಿನಿಂದ ಸ್ವಲ್ಪ ದೂರದಲ್ಲಿ ತಿರುಗುವುದರಿಂದ ಬೆಳಕು ಕ್ರಮೇಣ ಏರಿ ಕ್ರಮೇಣ ಇಳಿಯುತ್ತದೆ, ಗೆರೆಯ ಎರಡೂ ತುದಿ ಮೆಲ್ಲಗೆ ಕರಗುತ್ತವೆ. ಎಲೆಕ್ಟ್ರಾನಿಕ್ ಶಟರ್ ಸ್ವಿಚ್ಚಿನ ಹಾಗೆ: ಹೊತ್ತಿತು, ಆರಿತು. ತುದಿ ಕತ್ತರಿಯಲ್ಲಿ ಕತ್ತರಿಸಿದಂತಿರುತ್ತದೆ. ಯಾವ ಕೋನ ಇಟ್ಟರೂ ಪಾಕೆಟ್ 4ಕೆ ಆ ಕರಗುವ ತುದಿಯನ್ನು ಕೊಡಲಾರದು. ಗಮನಿಸುವವರೂ ಕಡಿಮೆ ಬಿಡಿ.

ಎರಡನೆಯ ಸಂಗತಿ ಈ ಕ್ಯಾಮೆರಾ ಕೊಂಡವರಿಗೆ ಮೊದಲ ಬಿಸಿಲಿನಲ್ಲೇ ಗೊತ್ತಾಗುತ್ತದೆ. ಇದರೊಳಗೆ ಎನ್‌ಡಿ ಫಿಲ್ಟರ್ (ಬೆಳಕು ಇಳಿಸುವ ಕಪ್ಪು ಗಾಜು) ಇಲ್ಲ. ಮೂಲ ಐಎಸ್ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 400, ಮತ್ತೊಂದು 3200. ನಡು ಮಧ್ಯಾಹ್ನದ ನೇರ ಬಿಸಿಲಿನಲ್ಲಿ ಐಎಸ್ಒ 400ಕ್ಕೆ ಎಫ್ 16 (ಎಫ್ ಅಂಕಿ ಏರಿದಷ್ಟೂ ಲೆನ್ಸಿನ ಕಂಡಿ ಕಿರಿದು) ಇಟ್ಟರೆ ಶಟರ್ 1/400 ಬೇಕು. ಅದನ್ನು 1/50ಕ್ಕೆ ಇಳಿಸಿದರೆ ಮೂರು ಸ್ಟಾಪ್ ಹೆಚ್ಚು ಬೆಳಕು (ಒಂದು ಸ್ಟಾಪ್ ಅಂದರೆ ಎರಡು ಪಟ್ಟು), ಎಫ್ 45 ಬೇಕು. ಅಂಥ ಲೆನ್ಸ್ ಇಲ್ಲಿ ಯಾರ ಬಳಿಯೂ ಇರುವುದಿಲ್ಲ. ಎಫ್ 5.6ಕ್ಕೆ ಬರಬೇಕಾದರೆ 6 ಸ್ಟಾಪ್ ಇಳಿಸಬೇಕು, ಅಂದರೆ ಎನ್‌ಡಿ 1.8. ಎಫ್ 2.8 ಬೇಕೇ ಬೇಕೆಂದರೆ 8 ಸ್ಟಾಪ್, ಎನ್‌ಡಿ 2.4. ಬಿಸಿಲು ಇಳಿದ ಮೇಲೆ ಎನ್‌ಡಿ 1.2 ಸಾಕಾಗುತ್ತದೆ. ಕ್ಯಾಮೆರಾದ ಬಾಡಿಗೆ ಕೇಳುವಾಗಲೇ ಫಿಲ್ಟರ್ ಸೇರಿದೆಯೋ ಇಲ್ಲವೋ ಕೇಳಿ. ಇಲ್ಲವಾದರೆ ಹಗಲಿನ ಕೆಲಸಕ್ಕೆ ಬೇರೆ ಕ್ಯಾಮೆರಾ ನೋಡಿ. ಶಟರ್ ಏರಿಸಿಯೇ ಬಿಸಿಲು ತಡೆಯುವುದಾದರೆ ಇದನ್ನು ಹೊತ್ತು ತಿರುಗುವ ಅರ್ಥವೇ ಇಲ್ಲ.

ವೇರಿಯಬಲ್ ಎನ್‌ಡಿ ಅನುಕೂಲ. ಓಣಿಯ ನೆರಳಿನಿಂದ ಬಯಲಿಗೆ ಬರುವ ಮೆರವಣಿಗೆಗೆ ಕೈಯಲ್ಲೇ ತಿರುವಿಕೊಳ್ಳಬಹುದು. ಆದರೆ ಅದು ಎರಡು ಪೋಲರೈಸರ್‌ಗಳ ಜೋಡಿ. ಕೊನೆಯವರೆಗೆ ತಿರುವಿದರೆ ಚಿತ್ರದ ಮೇಲೆ ಗುಣಾಕಾರ ಚಿಹ್ನೆಯಂಥ ಕಪ್ಪು ನೆರಳು ಬೀಳುತ್ತದೆ, ವೈಡ್ ಲೆನ್ಸಿನಲ್ಲಿ ಇನ್ನೂ ಬೇಗ. 2ರಿಂದ 5 ಸ್ಟಾಪಿನ ನಡುವೆಯೇ ತಿರುಗಿ, ಅದರಾಚೆ ಹೋಗದಂತೆ ತಡೆ ಇರುವ ನಮೂನೆಯದನ್ನೇ ಆರಿಸಿ. ಇನ್ನೊಂದು ತೊಂದರೆ ಈ ಕ್ಯಾಮೆರಾದ್ದೇ: ಇನ್‌ಫ್ರಾರೆಡ್ ಬೆಳಕನ್ನು ಇದು ಪೂರ್ತಿ ತಡೆಯುವುದಿಲ್ಲ. ಗಾಢ ಎನ್‌ಡಿ ಕಣ್ಣಿಗೆ ಕಾಣುವ ಬೆಳಕನ್ನು ಇಳಿಸಿದರೂ ಇನ್‌ಫ್ರಾರೆಡ್ ನುಸುಳುತ್ತದೆ. ಮದುಮಗನ ಕಪ್ಪು ಪಾಲಿಯೆಸ್ಟರ್ ಕೋಟು ಕಾಫಿ ಬಣ್ಣಕ್ಕೆ ತಿರುಗಿದರೆ ಗ್ರೇಡಿಂಗಿನವರನ್ನು ಬಯ್ಯಬೇಡಿ. ಐಆರ್ ತಡೆಯುವ ಎನ್‌ಡಿ ಹಾಕಬೇಕಿತ್ತು.

ಈಗ ದೊಡ್ಡ ಕೊರತೆಗೆ ಬರೋಣ. ರೋಲಿಂಗ್ ಶಟರ್. ಇದರ ಸೆನ್ಸರ್ ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಒಂದೊಂದಾಗಿ ಓದುತ್ತದೆ. ಮೇಲಿನ ಸಾಲು ಕಂಡ ಗಳಿಗೆಯೇ ಬೇರೆ, ಕೆಳಗಿನದೇ ಬೇರೆ. ಉಣಕಲ್ ಕೆರೆಯ ಮುಂದೆ ನಿಂತು ಚಿಗರಿ ಬಸ್ಸಿನ ಬೆನ್ನುಹತ್ತಿ ಜೋರಾಗಿ ಪ್ಯಾನ್ ಮಾಡಿದರೆ (ಕ್ಯಾಮೆರಾ ಅಡ್ಡಕ್ಕೆ ತಿರುಗಿಸಿದರೆ) ದೀಪದ ಕಂಬಗಳೆಲ್ಲ ಒಂದೇ ಕಡೆ ವಾಲುತ್ತವೆ. ಬ್ಲರ್ ಕೋನ ಎಷ್ಟೇ ಸರಿ ಇದ್ದರೂ ವಾಲಿದ ಕಂಬ ನೋಡಿದ ಕಣ್ಣು ಒಪ್ಪುವುದಿಲ್ಲ. ರೀಲಿನ ತಟ್ಟೆಯೂ ಗೇಟನ್ನು ಅಂಚಿನಿಂದ ಅಂಚಿಗೆ ಸವರಿಯೇ ತೆರೆಯುತ್ತದೆ, ಅಲ್ಲೂ ತುಸು ಓರೆ ಇದ್ದೇ ಇದೆ. ಇಲ್ಲಿ ಅದು ಎದ್ದು ಕಾಣುತ್ತದೆ.

ಬಾಡಿಗೆಗೆ ತರುವ ಯಾವ ಕ್ಯಾಮೆರಾದ್ದಾದರೂ ಓದುವ ವೇಗವನ್ನು ಅಂಗಡಿಯಲ್ಲೇ ಅಳೆಯಬಹುದು. ಹಳೆಯ ಚೋಕಿನ ಟ್ಯೂಬ್‌ಲೈಟಿನ ಬೆಳಕು ಬಿದ್ದ ಬಿಳಿ ಗೋಡೆಯ ಮುಂದೆ ನಿಲ್ಲಿ. ಕೋನವನ್ನು 11 ಡಿಗ್ರಿಯಷ್ಟಕ್ಕೆ ಇಳಿಸಿ, ಐಎಸ್ಒ ಏರಿಸಿ, ಲೆನ್ಸ್ ಪೂರ್ತಿ ತೆರೆಯಿರಿ. ಟ್ಯೂಬು ಸೆಕೆಂಡಿಗೆ 100 ಸಲ ಮಿಣುಕುತ್ತದೆ, ಹೀಗಾಗಿ ಗೋಡೆಯ ಮೇಲೆ ಬೆಳಕು-ಕತ್ತಲೆಯ ಅಡ್ಡ ಪಟ್ಟೆಗಳು ಕಾಣುತ್ತವೆ. ಒಂದು ಬೆಳಕು, ಒಂದು ಕತ್ತಲೆ ಸೇರಿದ ಜೋಡಿಗೆ 10 ಮಿಲಿಸೆಕೆಂಡ್. ಫ್ರೇಮಿನ ಎತ್ತರಕ್ಕೆ ಎರಡು ಜೋಡಿ ಹಿಡಿದಿದ್ದರೆ ಸೆನ್ಸರ್ ಓದಲು 20 ಮಿಲಿಸೆಕೆಂಡ್ ತಗೊಳ್ಳುತ್ತಿದೆ, ಒಂದೇ ಜೋಡಿಯಾದರೆ 10. ಕಡಿಮೆ ಇದ್ದಷ್ಟೂ ಕಂಬಗಳು ನೆಟ್ಟಗೆ. ಒಳ್ಳೆಯ ಡ್ರೈವರ್ ಇರುವ ಎಲ್ಇಡಿ ಬಲ್ಬು ಮಿಣುಕುವುದೇ ಇಲ್ಲ, ಅದರ ಕೆಳಗೆ ಈ ಪರೀಕ್ಷೆ ನಡೆಯದು.

ರೋಲಿಂಗ್ ಶಟರಿನ ಪೆಟ್ಟು ಮದುವೆಯಲ್ಲಿ ಬೀಳುವುದು ಫ್ಲ್ಯಾಷ್‌ನಿಂದ. ಫೋಟೊದವರ ಫ್ಲ್ಯಾಷ್ ಸಾವಿರದ ಒಂದು ಪಾಲು ಸೆಕೆಂಡಿನಷ್ಟು ಹೊಳೆದು ಆರುತ್ತದೆ; ಆ ಗಳಿಗೆಯಲ್ಲಿ ತೆರೆದಿದ್ದ ಸಾಲುಗಳಿಗೆ ಮಾತ್ರ ಬೆಳಕು. ಅರ್ಧ ಫ್ರೇಮ್ ಬೆಳ್ಳಗೆ, ಅರ್ಧ ಮಾಮೂಲು, ನಡುವೆ ಗೆರೆ ಹೊಡೆದಂಥ ಗಡಿ. ತಟ್ಟೆ ಪೂರ್ತಿ ತೆರೆದಿದ್ದಾಗ ರೀಲಿನಲ್ಲಿ ಇಡೀ ಫ್ರೇಮ್ ಬೆಳಗುತ್ತದೆ, ಮುಚ್ಚಿದ್ದಾಗ ಏನೂ ಬೀಳುವುದಿಲ್ಲ. ತಾಳಿ ಕಟ್ಟುವ ಹೊತ್ತಿಗೆ ಎರಡು-ಮೂರು ಫ್ಲ್ಯಾಷ್ ಒಟ್ಟಿಗೆ ಹೊಡೆಯುವುದು ಗ್ಯಾರಂಟಿ, ಅದಕ್ಕೆ ಈ ಕ್ಯಾಮೆರಾದಲ್ಲಿ ಔಷಧ ಇಲ್ಲ. ಎಡಿಟಿಂಗ್‌ನಲ್ಲಿ ಕೆಟ್ಟ ಒಂದು ಫ್ರೇಮ್ ತೆಗೆದು ಹಿಂದಿನ ಫ್ರೇಮನ್ನೇ ಎರಡು ಸಲ ಇಡಬೇಕು. ಫೋಟೊದವರಿಗೆ ಮೊದಲೇ "ಒಂದೆರಡು ನಿಮಿಷ ವಿಡಿಯೊ ಲೈಟಿನ್ಯಾಗ ತಗೀರಿ" ಅಂತ ಹೇಳಿಟ್ಟರೆ ಇನ್ನೂ ಒಳ್ಳೆಯದು.

ಸ್ಲೋ ಮೋಷನ್‌ನಲ್ಲಿ ಪಾಕೆಟ್ 4ಕೆ ರೀಲಿಗಿಂತ ಒಂದು ಹೆಜ್ಜೆ ಮುಂದೆ ಹೋಗುತ್ತದೆ. 4ಕೆಯಲ್ಲಿ 60 ಫ್ರೇಮ್‌ವರೆಗೆ, ಸೆನ್ಸರಿನ ನಡುವಿನ ಭಾಗವನ್ನಷ್ಟೇ ಬಳಸಿ ಎಚ್‌ಡಿಯಲ್ಲಿ 120 ಫ್ರೇಮ್‌ವರೆಗೆ. ರಂಗಪಂಚಮಿಯ ಜಗ್ಗಲಗಿ ತೆಗೆಯುತ್ತಿದ್ದೀರಿ ಅನ್ನಿ. ಪ್ರಾಜೆಕ್ಟ್ (ತೋರಿಸುವ ವೇಗ) 25ರಲ್ಲೇ ಇರಲಿ, ಸೆನ್ಸರ್ ಫ್ರೇಮ್ ರೇಟ್ (ತೆಗೆಯುವ ವೇಗ) 50, ಕೋನ 180, ಶಟರ್ 1/100. ಬಾರಿಸುವ ಕೋಲು ನಿಧಾನಕ್ಕೆ ಇಳಿಯುತ್ತದೆ, ಬ್ಲರ್ ಹದವಾಗಿರುತ್ತದೆ. ಆದರೆ ಅದೇ ಶಾಟನ್ನು ಎಡಿಟಿಂಗ್‌ನಲ್ಲಿ ಮಾಮೂಲು ವೇಗಕ್ಕೆ ತಂದರೆ ಒಂದು ಬಿಟ್ಟು ಒಂದು ಫ್ರೇಮ್ ಹೋಗಿ, ಉಳಿದವುಗಳ ಬ್ಲರ್ 90 ಡಿಗ್ರಿಯ ಲೆಕ್ಕಕ್ಕೆ ಬೀಳುತ್ತದೆ. ಕೋಲು ಕಟಕಟ ಕುಣಿಯುತ್ತದೆ. ಶಾಟು ಮಾಮೂಲು ವೇಗದಲ್ಲಿ ಶುರುವಾಗಿ ನಡುವೆ ನಿಧಾನವಾಗಬೇಕು ಅನ್ನುವುದಿದ್ದರೆ 50 ಫ್ರೇಮಿಗೆ 360 ಡಿಗ್ರಿ ಇಡಿ. ಶಟರ್ 1/50 ಆಗುತ್ತದೆ, ಒಂದು ಬಿಟ್ಟು ಒಂದು ಫ್ರೇಮ್ ಉದುರಿಸಿದಾಗ ಸಿಗುವುದು ಬರೋಬ್ಬರಿ 180 ಡಿಗ್ರಿಯ ಬ್ಲರ್. ನಿಧಾನದ ಭಾಗದಲ್ಲಿ ಮಸುಕು ಹೆಚ್ಚಾಗುತ್ತದೆ, ಆ ಬೆಲೆ ಕೊಡಬೇಕು. ಫಿಲ್ಮ್ ಎಳೆಯಲು ಮುಚ್ಚಲೇಬೇಕಾದ ರೀಲ್ ಕ್ಯಾಮೆರಾಗೆ 360 ಡಿಗ್ರಿ ಅನ್ನುವುದೇ ಸಾಧ್ಯವಿಲ್ಲ.

ಇಲ್ಲೊಂದು ಬಲೆಯೂ ಇದೆ. 60 ಫ್ರೇಮಿಗೆ ಏರಿಸಿ 180 ಡಿಗ್ರಿಯಲ್ಲೇ ಬಿಟ್ಟರೆ ಶಟರ್ 1/120. ಕಲ್ಯಾಣ ಮಂಟಪದ ಮಿಣುಕುವ ದೀಪಗಳ ಕೆಳಗೆ ಪಟ್ಟೆ ಬಂದೇ ಬರುತ್ತದೆ. ಒಳಾಂಗಣದ ಸ್ಲೋ ಮೋಷನ್ನಿಗೆ 50 ಫ್ರೇಮ್ ಸಾಕು. ಸ್ಟೇಜಿನ ಹಿಂದಿನ ಎಲ್ಇಡಿ ಗೋಡೆ ಮಾತ್ರ ತನ್ನದೇ ತಾಳದಲ್ಲಿ ಮಿಣುಕುತ್ತದೆ, ಅಲ್ಲಿ ಕೋನವನ್ನು ಅಂಕಿ ಅಂಕಿಯಾಗಿ ಸರಿಸಿ ಪಟ್ಟೆ ನಿಂತಲ್ಲಿ ನಿಲ್ಲಿಸಬೇಕು.

ಸೀಲಿಂಗ್ ಫ್ಯಾನ್ ಉಲ್ಟಾ ತಿರುಗಿದಂತೆ ಕಾಣುವುದಕ್ಕೆ ಕ್ಯಾಮೆರಾ ಹೊಣೆಯಲ್ಲ. ನಿಮಿಷಕ್ಕೆ 300 ಸುತ್ತು ತಿರುಗುವ ಮೂರು ರೆಕ್ಕೆಯ ಫ್ಯಾನ್ 25 ಫ್ರೇಮಿನಲ್ಲಿ ಫ್ರೇಮಿಗೆ 72 ಡಿಗ್ರಿ ಸರಿಯುತ್ತದೆ. ರೆಕ್ಕೆಗಳ ಅಂತರ 120, ಹೀಗಾಗಿ ಕಣ್ಣಿಗೆ ಹತ್ತಿರದ ದಾರಿ 48 ಡಿಗ್ರಿ ಹಿಂದಕ್ಕೆ. ರೀಲಿನಲ್ಲೂ ಇದೇ ಗತಿ. 180 ಡಿಗ್ರಿಯಲ್ಲಿ ಒಂದೊಂದು ರೆಕ್ಕೆಯೂ 36 ಡಿಗ್ರಿ ಬ್ಲರ್ ಆಗಿ ಮುಚ್ಚಿಹೋಗುವುದರಿಂದ ಗಮನಕ್ಕೆ ಬರುವುದಿಲ್ಲ. ಶಟರ್ ಚಿಕ್ಕದಾದಾಗ ರೆಕ್ಕೆ ಎಣಿಸುವಷ್ಟು ಸ್ಪಷ್ಟವಾಗಿ ಹಿಂದೆ ಸರಿಯುತ್ತದೆ. ಕಪ್ಪತಗುಡ್ಡದ ಗಾಳಿಯಂತ್ರಗಳಿಗೆ ಈ ಚಿಂತೆ ಇಲ್ಲ. ನಿಮಿಷಕ್ಕೆ 15 ಸುತ್ತಾದರೆ ಫ್ರೇಮಿಗೆ ಸರಿಯುವುದು 3.6 ಡಿಗ್ರಿ ಅಷ್ಟೇ.

ಕೈಯಲ್ಲಿ ಹಿಡಿದು ತೆಗೆಯುವವರಿಗೆ ಒಂದು ಮಾತು. ಬಾಡಿಯೊಳಗೆ ಸ್ಟೆಬಿಲೈಸೇಷನ್ ಇಲ್ಲ. ಕೈ ನಡುಕವನ್ನು ಆಮೇಲೆ ಸಾಫ್ಟ್‌ವೇರ್‌ನಲ್ಲಿ ತೆಗೆದರೆ ಫ್ರೇಮ್ ನಿಲ್ಲುತ್ತದೆ, ನಡುಕದಿಂದ ಬಂದ ಬ್ಲರ್ ನಿಲ್ಲುವುದಿಲ್ಲ. ಅಲ್ಲಾಡದ ಚಿತ್ರ ಆಗಾಗ ಕಾರಣವಿಲ್ಲದೆ ಮಸುಕಾಗಿ ಮತ್ತೆ ತಿಳಿಯಾಗುತ್ತದೆ. ಅಂಥ ಶಾಟಿಗೆ 90 ಡಿಗ್ರಿಗೆ ಇಳಿಯುವುದು ಲೇಸು, ಸಿನೆಮಾ ಗುಣ ಸ್ವಲ್ಪ ಹೋದರೂ ಸರಿ. ಟ್ರೈಪಾಡ್ ಮೇಲಿನ ಪ್ಯಾನ್‌ಗೆ ಹಳೆಯ ರೀಲಿನವರ ಲೆಕ್ಕವನ್ನೇ ಹಿಡಿಯಿರಿ: ಒಂದು ವಸ್ತು ಫ್ರೇಮಿನ ಈ ಅಂಚಿನಿಂದ ಆ ಅಂಚಿಗೆ ಹೋಗಲು 7 ಸೆಕೆಂಡ್ ಹಿಡಿಯಬೇಕು. ಹುಬ್ಬಳ್ಳಿ ಸ್ಟೇಷನ್ನಿನ 1,507 ಮೀಟರ್ ಪ್ಲಾಟ್‌ಫಾರ್ಮನ್ನು ಒಂದೇ ಬೀಸಿನಲ್ಲಿ ತೋರಿಸುವ ಆಸೆಗೆ ಈ ಲೆಕ್ಕ ಲಗಾಮು ಹಾಕುತ್ತದೆ.

ಎದುರಿನಿಂದ ನುಗ್ಗಿ ಬರುವ ಹೋರಿಗೆ ಮಾತ್ರ ಈ ಕ್ಯಾಮೆರಾ ತರಬೇಡಿ. ಬಟನ್ ಒತ್ತಿದಾಗ ಒಮ್ಮೆ ಫೋಕಸ್ ಮಾಡುತ್ತದೆ, ಬೆನ್ನುಹತ್ತುವುದಿಲ್ಲ. ಮಸುಕಾದ ಶಾಟ್ ಕೈಗೆ ಬಂದಾಗ ತಪ್ಪು ಫೋಕಸ್ಸಿನದೋ ಶಟರಿನದೋ ತಿಳಿಯಲು ಓಡದ ವಸ್ತುಗಳನ್ನು ನೋಡಿ. ಮೋಷನ್ ಬ್ಲರ್‌ಗೆ ದಿಕ್ಕಿರುತ್ತದೆ, ಹೋರಿ ಓಡಿದ ಕಡೆಗೇ ಎಳೆದಿರುತ್ತದೆ, ಪಕ್ಕದ ಗೋಡೆ ಸ್ಪಷ್ಟವಾಗಿರುತ್ತದೆ. ಫೋಕಸ್ ತಪ್ಪಿದ ಮಸುಕು ಸುತ್ತಲೂ ಒಂದೇ ಸಮ ಉಬ್ಬಿರುತ್ತದೆ.

ಬ್ಯಾಟರಿ ಬಗ್ಗೆ ಹೆಚ್ಚು ಹೇಳುವುದಿಲ್ಲ: ಕ್ಯಾನನ್ನಿನ ಎಲ್‌ಪಿ-ಇ6 ನಮೂನೆಯದು, ಒಂದು ಗಂಟೆಯ ಆಸೆ ಇಟ್ಟುಕೊಳ್ಳಬೇಡಿ. ಹೊರಗಿನ 12 ವೋಲ್ಟ್ ಬ್ಯಾಟರಿ ಇಲ್ಲದೆ ಮದುವೆಗೆ ಹೋಗುವುದು ಸಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಡಾವಿಂಚಿ ರಿಸಾಲ್ವ್ ಸ್ಟುಡಿಯೊ ಎಂಬ ಎಡಿಟಿಂಗ್ ಸಾಫ್ಟ್‌ವೇರಿನ ಕೀ ಕೇಳಿ ಪಡೆಯಿರಿ, ಹೊಸದಾಗಿ ಕೊಂಡಾಗ ಅದು ಕ್ಯಾಮೆರಾ ಜೊತೆಗೇ ಬಂದಿರುತ್ತದೆ. ಕಲರ್ ಪೇಜಿನ ಮೋಷನ್ ಎಫೆಕ್ಟ್ಸ್‌ನಲ್ಲಿ ಬ್ಲರ್ ಸೇರಿಸುವ ಸವಲತ್ತು ಸ್ಟುಡಿಯೊದಲ್ಲಿ ಮಾತ್ರ ಇದೆ. 1/500ರಲ್ಲಿ ಕೆಟ್ಟ ಶಾಟನ್ನು ಅದು ಸ್ವಲ್ಪ ಮಟ್ಟಿಗೆ ಉಳಿಸುತ್ತದೆ. ರಸ್ತೆಯ ಮೇಲಿನ ಬಸ್ಸಿಗೆ ಚೆನ್ನಾಗಿ ಕೂಡುತ್ತದೆ. ಒಂದರ ಹಿಂದೊಂದು ಅಡಗಿ ಹೊರಬರುವ ಕೈಕಾಲು, ಕೊಂಬುಗಳ ಅಂಚಿನಲ್ಲಿ ಲೆಕ್ಕ ತಪ್ಪಿ ಚಿತ್ರ ಕಲೆಸುತ್ತದೆ. ಸ್ಲೈಡರನ್ನು ಕಡಿಮೆಯಲ್ಲೇ ಇಟ್ಟು ಒಂದೊಂದು ಫ್ರೇಮ್ ನೋಡುತ್ತ ಹೋಗಬೇಕು.

ಇಷ್ಟೆಲ್ಲ ಸರಿ ಇಟ್ಟು ಕೊಟ್ಟ ಮೇಲೂ ಮನೆಯವರ ದೊಡ್ಡ ಟಿವಿ ಎಲ್ಲ ಕೆಡಿಸಬಹುದು. ಟಿವಿಯ ಮೋಷನ್ ಸ್ಮೂದಿಂಗ್ 25 ಫ್ರೇಮಿನ ನಡುವಿನ ಬಿಡುವಿನಲ್ಲಿ ತಾನೇ ಫ್ರೇಮ್ ಹುಟ್ಟಿಸಿ ತುಂಬುತ್ತದೆ, ಮತ್ತೆ ಅದೇ ಸೀರಿಯಲ್ ನುಣುಪು. ಪೆನ್‌ಡ್ರೈವ್ ಜೊತೆ "ಟಿವಿ ಸೆಟ್ಟಿಂಗಿನ್ಯಾಗ ಅದನ್ನ ಬಂದ್ ಮಾಡ್ರಿ" ಎಂದು ಒಂದು ಚೀಟಿ ಇಡುವುದು ವಾಸಿ. ಬರೀ ಮೊಬೈಲಿನಲ್ಲಿ ನೋಡುವ ರೀಲ್ಸ್ ಆದರೆ 60 ಹರ್ಟ್ಸ್ ಪರದೆಗೆ 25 ಸಮನಾಗಿ ಭಾಗವಾಗುವುದಿಲ್ಲ, ಪ್ಯಾನ್ ಕುಂಟುತ್ತದೆ. ಅದಕ್ಕೆ 30 ಫ್ರೇಮ್, 216 ಡಿಗ್ರಿ.

ಈ ಕ್ಯಾಮೆರಾಗೆ ಹೇಳಿ ಮಾಡಿಸಿದ ಕೆಲಸವೆಂದರೆ ಬೆಟಗೇರಿಯ ಮಗ್ಗದಂಥದ್ದು. ಟ್ರೈಪಾಡ್, ಕಿಟಕಿಯ ಬೆಳಕು, ಅವಸರವಿಲ್ಲ, ಫ್ಲ್ಯಾಷ್ ಇಲ್ಲ. ಕ್ಯಾಮೆರಾ ನೇಯುವವರ ಎದುರಿಗಿರಲಿ, ಹಾಸಿಗಿಂತ ತುಸು ಮೇಲೆ. ಐಎಸ್ಒ 400, 25 ಫ್ರೇಮ್, 180 ಡಿಗ್ರಿ. ಕಿಟಕಿ ಕಡೆ ಬಿಸಿಲಿದ್ದರೆ ಎನ್‌ಡಿ 0.6. ನೇಯುವವರ ಮುಖ, ಹಾಸಿನ ಒಂದೊಂದು ಎಳೆ ಸ್ಪಷ್ಟವಾಗಿ ನಿಂತಿರುತ್ತವೆ, ಅವುಗಳ ನಡುವೆ ಲಾಳಿ ಒಂದು ಗೆರೆಯಾಗಿ ಹಾದುಹೋಗುತ್ತದೆ. ಲಾಳಿಯ ಆಕಾರವೂ ಗುರುತಾಗಬೇಕು ಎಂದರೆ 90 ಡಿಗ್ರಿಯಲ್ಲಿ ಇನ್ನೊಂದು ಟೇಕ್ ತೆಗೆದಿಟ್ಟುಕೊಳ್ಳಿ, ಬೆಳಕು ಒಂದು ಸ್ಟಾಪ್ ಇಳಿಯುವುದರಿಂದ ಎಫ್ ಅಷ್ಟೇ ತೆರೆಯುವುದನ್ನು ಮರೆಯಬೇಡಿ.